ಕಾಣೆಯಾದ ಸರದಾರನ ಪಂಚನಾಮೆ

ಹಿರೇಕೆರೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ಅಜ್ಜಪ್ಪ ಹುಟ್ಟಾ ಅನುಮಾನದ ಮನುಷ್ಯ. ರಸ್ತೆಯಲ್ಲಿ ಯಾರಾದರೂ ನಮಸ್ಕಾರ ಹೇಳಿದರೆ, ಇವನು ಯಾಕೆ ಹೇಳಿದ ಎಂದು ಹತ್ತು ಹೆಜ್ಜೆ ಯೋಚಿಸುವನು. ಅಷ್ಟರಲ್ಲಿ ನಮಸ್ಕಾರ ಹೇಳಿದವನು ಓಣಿ ದಾಟಿ ಹೋಗಿರುತ್ತಿದ್ದ. ಹಾವೇರಿಯ ಬಸ್ಸು ವೇಳೆಗೆ ಸರಿಯಾಗಿ ಬಂದರೆ, ಇದು ಹಿಂದಿನ ಟ್ರಿಪ್ಪಿನ ಬಸ್ಸೇ ಇರಬೇಕೆಂದು ಹತ್ತುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಹೆಂಡತಿ ಶಾರವ್ವ ಚಹಾಕ್ಕೆ ಸಕ್ಕರೆ ಸ್ವಲ್ಪ ಹೆಚ್ಚು ಹಾಕಿದರೂ, “ಇವತ್ತ ಏನೋ ಕೇಳಾಕಿ ಇದ್ದಿ” ಎನ್ನುತ್ತಿದ್ದ. ಅವಳಿಗೆ ಕೇಳುವುದೂ ಇರುತ್ತಿತ್ತು, ಆ ಮಾತು ಬೇರೆ.

ಇಂಥ ಅಜ್ಜಪ್ಪ ಈ ಜಗತ್ತಿನಲ್ಲಿ ಕಣ್ಣು ಮುಚ್ಚಿ ನಂಬಿದ್ದು ಒಂದೇ ಜೀವವನ್ನು. ಅದು ಸರದಾರ ಎಂಬ ಎತ್ತು. ಅದು ವಾಸವಾಗಿದ್ದದ್ದು ಅವನ ಮೊಬೈಲಿನಲ್ಲಿ.

ಆಟದ ಹೆಸರು ‘ಹೊಲಮನಿ’. ಉಳುವುದು, ಬಿತ್ತುವುದು, ದನ ಕಟ್ಟುವುದು, ಪರಿಚಯದವರ ಹೊಲಕ್ಕೆ ಹೋಗಿ ಅವರ ದನಕ್ಕೆ ಮೇವು ಹಾಕಿ ಬರುವುದು, ಎಲ್ಲವೂ ಹೆಬ್ಬೆರಳಿನಲ್ಲೇ ಮುಗಿಯುತ್ತಿತ್ತು. ನಿಜವಾದ ನೇಗಿಲನ್ನು ಒಮ್ಮೆಯೂ ಮುಟ್ಟದ ಅಜ್ಜಪ್ಪ ಮೂರು ವರ್ಷ ಹೀಗೆ ಬೆವರು ಸುರಿಸಿ ‘ಮಹಾರೈತ’ ಎಂಬ ಬಿರುದು ಸಂಪಾದಿಸಿದ್ದ. ಬಿರುದಿನ ಜೊತೆ ಬಹುಮಾನವಾಗಿ ಬಂದದ್ದೇ ಸರದಾರ. ಹಾಲಿನಂಥ ಬಿಳಿ ಮೈ, ಸ್ವಲ್ಪ ಬಾಗಿದ ಎಡಗೊಂಬು, ಕೊರಳಲ್ಲಿ ಕೆಂಪು ಗೊಂಡೆ. ಅಜ್ಜಪ್ಪ ಸ್ಟುಡಿಯೋದವರ ಕೈಗೆ ಮೊಬೈಲು ಕೊಟ್ಟು ಎತ್ತಿನ ಚಿತ್ರವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಗಿರಣಿಯ ಗೋಡೆಗೆ ತೂಗುಹಾಕಿದ.

ಬೀಸಲು ಬಂದವರು ಕೇಳುತ್ತಿದ್ದರು, “ಯಾರದ್ರಿ ಇದು ಎತ್ತು?”

“ನಂದ.”

“ಎಲ್ಲಿ ಕಟ್ಟೀರಿ?”

“ಹೊಲಮನಿಯಾಗ.”

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದ್ದರಿಂದಲೇ ಊರಿನ ಅರ್ಧ ಜನ, ಅಜ್ಜಪ್ಪನಿಗೆ ಎಲ್ಲೋ ಹೊಲವಿದೆ, ಹೊಲದಲ್ಲಿ ಮನೆಯಿದೆ, ಮನೆಯ ಮುಂದೆ ಎತ್ತಿದೆ ಎಂದು ನಂಬಿಕೊಂಡಿದ್ದರು.

ಸಂತೆಯ ದಿನ ಆ ಎತ್ತು ಮಾಯವಾಯಿತು.

ಆ ದಿನ ಗಿರಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಲ್ಟು ತಿರುಗುತ್ತಿತ್ತು, ಜೋಳ ಬೀಳುತ್ತಿತ್ತು. ಒಮ್ಮೆಲೇ ಅಜ್ಜಪ್ಪ, “ಅಯ್ಯಯ್ಯೋ, ನನ್ನ ಸರದಾರ ಹ್ವಾದ!” ಎಂದು ಚೀರಿ, ಹಿಟ್ಟು ಮೆತ್ತಿದ ಕೈಯಿಂದಲೇ ಹಣೆ ಬಡಿದುಕೊಂಡ. ಪಾಳಿಯಲ್ಲಿ ನಿಂತ ಹೆಂಗಸರು ಜೋಳದ ಪುಟ್ಟಿ ಕೆಳಗಿಟ್ಟರು.

“ಹ್ಯಾಂಗ ಹ್ವಾತ್ರಿ?”

“ಈಗ ಇತ್ತು, ಈಗ ಇಲ್ಲ!”

“ಹಾವು ಮುಟ್ಟಿರಬೇಕ ತಗೀರಿ. ಎಂಥಾ ಎತ್ತ ಇತ್ತು, ಫೋಟೋ ನೋಡಿದ್ರ ಕಣ್ಣಾಗ ನೀರ ಬರ್ತಾವು.”

ಸಂಜೆಯ ಹೊತ್ತಿಗೆ ಓಣಿಯ ಜನ ಮಾತಾಡಿಸಲು ಮನೆಗೆ ಬಂದರು. ಶಾರವ್ವ ಹದಿನಾಲ್ಕು ಮಂದಿಗೆ ಚಹಾ ಮಾಡಿದಳು. ಏನು ಹೋಗಿದೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಅಳುತ್ತ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಹೇಳುವುದು ಹೇಗೆ? ಅಷ್ಟರಲ್ಲಿ ಎದುರು ಮನೆಯ ಸಿರಾಜುದ್ದೀನ ಸಾಹೇಬರು ನೋಟುಬುಕ್ಕು ಹಿಡಿದು ಬಂದರು. ಇವರು ಸವಣೂರಿನವರು, ನಿವೃತ್ತ ಹವಾಲ್ದಾರರು. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಕಳ್ಳರನ್ನು ಹಿಡಿದದ್ದಕ್ಕಿಂತ ಪಂಚನಾಮೆ ಬರೆದದ್ದೇ ಹೆಚ್ಚು. ನಿವೃತ್ತಿಯಾದ ಮೇಲೆ ಬರೆಯಲು ಏನೂ ಸಿಗದೆ ಕೈ ಕಡಿಯುತ್ತಿತ್ತು.

“ಎತ್ತಿನ ವಯಸ್ಸು?”

“ಎಂಟು ತಿಂಗಳ್ರಿ ಸಾಹೇಬ್ರ.”

“ಎಂಟು ತಿಂಗಳಿಗೆ ಎತ್ತು ಅಂತಾರೇನ್ರಿ? ಕರ ಅಂತಾರ. ಎಲ್ಲಿ ಕಟ್ಟಿದ್ರಿ?”

ಅಜ್ಜಪ್ಪ ಮೊಬೈಲು ತೆಗೆದು ಮುಂದೆ ಹಿಡಿದ. “ಇದರಾಗ.”

ಪಡಸಾಲೆಯಲ್ಲಿ ಕುಳಿತವರೆಲ್ಲ ಮೊಬೈಲನ್ನೂ ಅಜ್ಜಪ್ಪನನ್ನೂ ನೋಡಿದರು. ಆಮೇಲೆ ಒಬ್ಬೊಬ್ಬರೇ ಎದ್ದರು. ಬಾಗಿಲಲ್ಲಿ ಒಬ್ಬ ಹೆಂಗಸು ಇನ್ನೊಬ್ಬಳಿಗೆ, “ಮೊಬೈಲ್ ಎತ್ತಿಗೆ ನಾ ಸೆರಗಿನಿಂದ ಕಣ್ಣ ಒರಸಿಕೊಂಡ್ನಲ್ಲಾ” ಎಂದಳು. ಸಾಹೇಬರು ಮಾತ್ರ ಏಳಲಿಲ್ಲ.

“ಎತ್ತು ಎಲ್ಲಿತ್ತು ಅನ್ನೂದು ಮುಖ್ಯ ಅಲ್ರಿ ಅಜ್ಜಪ್ಪನವರ. ಇತ್ತೋ ಇಲ್ಲೋ?”

“ಇತ್ತ್ರಿ.”

“ಈಗ ಐತೇನು?”

“ಇಲ್ರಿ.”

“ಅಂದಮ್ಯಾಲ ಪ್ರಕರಣ ಆತು. ಮೊದಲ ಕಂಪನಿಗೆ ಬರೀರಿ. ಆದ್ರ ವಿವರವಾಗಿ ಬರೀರಿ.”

ಅಜ್ಜಪ್ಪ ಬರೆದ. ಆಟದಲ್ಲಿ ‘ಸಹಾಯ’ ಎಂಬ ಗುಂಡಿ ಒತ್ತಿ, ಹೀಗೆ ಬರೆದ: “ನನ್ನ ಎತ್ತು ಹೋಗೇತಿ. ನಿಮಗ ಎಲ್ಲಾ ಗೊತ್ತೈತಿ. ಮರ್ಯಾದಿಯಿಂದ ಕೊಡ್ರಿ.”

ಮರುದಿನ ಉತ್ತರ ಬಂತು: “ಮಾನ್ಯ ಮಹಾರೈತರೇ, ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ಎತ್ತು ಯಾವ ದಿನ, ಎಷ್ಟು ಗಂಟೆಗೆ ಕಾಣೆಯಾಯಿತು? ನಿಮ್ಮದು ಯಾವ ಫೋನು? ಆಟದ ವರ್ಷನ್ ಯಾವುದು? ಕಾಣೆಯಾಗುವ ಮೊದಲು ನೀವು ಏನು ಮಾಡುತ್ತಿದ್ದಿರಿ? ದಯವಿಟ್ಟು ತಿಳಿಸಿ. ಇಂತಿ, ಶೀಲಾ, ಗ್ರಾಹಕ ಸಹಾಯ ವಿಭಾಗ.”

ಅಜ್ಜಪ್ಪ ಇದನ್ನು ಮೂರು ಸಲ ಓದಿ ಹೆಂಡತಿಯನ್ನು ಕರೆದ. “ನೋಡಿದಿ? ಯಾವ ಫೋನು ಅಂತ ಕೇಳ್ತಾಳ. ಏನು ಮಾಡುತ್ತಿದ್ದಿರಿ ಅಂತಾಳ. ನಾ ಮನಿಯಾಗ ಇರದ ಹೊತ್ತು ತಿಳಕೊಳ್ಳಾಕ ಹಂಚಿಕಿ ಹಾಕ್ಯಾಳ. ಪೇಪರಿನ್ಯಾಗ ದಿನಾ ಬರ್ತೇತಿ ಇಂಥಾದ್ದು.”

“ಆಕಿ ಎತ್ತು ಹುಡುಕಾಕ ಕೇಳ್ಯಾಳ್ರಿ. ನಿಮ್ಮ ಒಡದ ಫೋನ್ ತಗೊಂಡು ಆಕಿ ಏನ್ ಮಾಡ್ತಾಳು?”

“ನಿನಗ ತಿಳಿಯೂದಿಲ್ಲ.”

ಅಜ್ಜಪ್ಪ ಬಹಳ ಜಾಣತನದಿಂದ ಉತ್ತರ ಬರೆದ. ದಿನ: ಮೊನ್ನೆ. ಹೊತ್ತು: ಹಗಲು. ಫೋನು: ನನ್ನದು. ವರ್ಷನ್: ಅದು ನಿಮ್ಮ ಕಡೆ ಇರತಕ್ಕದ್ದು. ಮೊದಲು ಏನು ಮಾಡುತ್ತಿದ್ದೆ: ನನ್ನ ಕೆಲಸ.

ಶೀಲಾ ಅವರು ತಾಳ್ಮೆಯಲ್ಲಿ ತರಬೇತಿ ಪಡೆದವರಿರಬೇಕು. “ಮಾಹಿತಿಗೆ ಧನ್ಯವಾದಗಳು” ಎಂದು ಬರೆದು, ಪರದೆಯ ಚಿತ್ರವೊಂದನ್ನು ಕಳಿಸಲು ಕೋರಿದರು. ಅಜ್ಜಪ್ಪ ಶಾರವ್ವನ ಮೊಬೈಲಿನಿಂದ ತನ್ನ ಮೊಬೈಲಿನ ಫೋಟೋ ತೆಗೆದು ಕಳಿಸಿದ. ಉತ್ತರ ಬಂತು: “ಚಿತ್ರ ತಲುಪಿತು. ಅದರಲ್ಲಿ ಒಂದು ಟ್ಯೂಬ್‌ಲೈಟು ಮತ್ತು ಒಂದು ಹೆಬ್ಬೆರಳು ಕಾಣುತ್ತಿವೆ. ಎತ್ತು ಎಲ್ಲಿ ನಿಂತಿತ್ತೆಂಬುದನ್ನು ದಯವಿಟ್ಟು ಗುರುತು ಮಾಡಿ ಕಳಿಸಿ.”

“ಎತ್ತು ಇಲ್ಲ ಅಂತ ಹೇಳಿದ್ರ ಎಲ್ಲಿ ನಿಂತಿತ್ತು ಅಂತ ಕೇಳ್ತಾಳ! ನಿಂತಿದ್ರ ನಾ ಯಾಕ ಬರೀತಿದ್ದೆ?” ಎಂದು ಅಜ್ಜಪ್ಪ ಗಿರಣಿ ಅದುರುವಂತೆ ಕೂಗಿದ. ಕಂಪನಿಯವರು ಕಳ್ಳರೊಂದಿಗೆ ಶಾಮೀಲಾಗಿದ್ದಾರೆ ಎಂಬುದರಲ್ಲಿ ಅವನಿಗೆ ಸಂಶಯ ಉಳಿಯಲಿಲ್ಲ. ಉಳಿದದ್ದು ಕಳ್ಳನನ್ನು ಗುರುತಿಸುವುದೊಂದೇ.

ಕಳ್ಳ ಮೂರನೆಯ ದಿನ ಸಿಕ್ಕ. ಆಟದ ಒಂದು ಮೂಲೆಯಲ್ಲಿ, ಹೊಲಕ್ಕೆ ಯಾರು ಯಾರು ಬಂದು ಹೋದರೆಂಬ ಪಟ್ಟಿಯಿತ್ತು. ಅದರಲ್ಲಿ ಕೊನೆಯ ಹೆಸರು: ರುದ್ರೇಶ, ಹಾನಗಲ್ಲ, ಬೆಳಿಗ್ಗೆ ಹನ್ನೊಂದು ಹತ್ತು.

ರುದ್ರೇಶ ಎಂದರೆ ಬೇರೆ ಯಾರೂ ಅಲ್ಲ, ಶಾರವ್ವನ ಸ್ವಂತ ತಮ್ಮ. ಹಾನಗಲ್ಲಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವನು. ಅವನೂ ಈ ಆಟ ಆಡುತ್ತಿದ್ದ, ಮತ್ತು ಅವನಿಗೆ ಇನ್ನೂ ‘ಮಹಾರೈತ’ ಬಿರುದು ಬಂದಿರಲಿಲ್ಲ. ಅಜ್ಜಪ್ಪನಿಗೆ ಇಷ್ಟು ಸಾಕಾಯಿತು. ಮತ್ತೆ ‘ಸಹಾಯ’ ಒತ್ತಿದ. ದೂರು ಯಾವ ಬಗೆಯದು ಎಂದು ಅದು ಕೇಳಿತು: ‘ಆಟದ ದೋಷ’, ‘ಸಲಹೆ’, ‘ವಂಚನೆ’. ಅಜ್ಜಪ್ಪ ‘ವಂಚನೆ’ ಒತ್ತಿ, ಹೆಂಡತಿಯ ತಮ್ಮನ ಹೆಸರು ಬರೆದ. ಆ ಗುಂಡಿ ಒತ್ತಿದರೆ ವಿಚಾರಣೆ ಮುಗಿಯುವ ತನಕ ಆಪಾದಿತನ ಹೊಲಕ್ಕೆ ತಾನೇ ಬೀಗ ಬೀಳುತ್ತದೆ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಸಣ್ಣ ಅಕ್ಷರಗಳನ್ನು ನಂಬುವ ಜಾಯಮಾನ ಅಜ್ಜಪ್ಪನದಲ್ಲ.

ಮರುದಿನ ರುದ್ರೇಶನ ಫೋನು ಬಂತು.

“ಮಾಮಾ, ನನ್ನ ಹೊಲಕ್ಕ ಬೀಗ ಹಾಕ್ಯಾರ್ರಿ. ಭತ್ತ ಕೊಯ್ಲಿಗೆ ಬಂದೇತಿ, ಒಳಗ ಕಾಲಿಡಾಕ ಬಿಡವಲ್ರು. ಯಾರೋ ನಾ ಕಳುವು ಮಾಡೇನಿ ಅಂತ ಬರದಾರಂತ. ಯಾವ ಮನಷ್ಯಾ ಇರಬೇಕ್ರಿ?”

ಅಜ್ಜಪ್ಪ, “ಕಳ್ಳಗ ಗೊತ್ತಿರ್ತೇತಿ” ಎಂದ.

ಆ ಕಡೆಯಿಂದ ಫೋನು ಕಟ್ಟಾಯಿತು.

ಇಷ್ಟಕ್ಕೇ ನಿಂತಿದ್ದರೆ ಬೀಗತನದ ಸಾಧಾರಣ ಜಗಳವಾಗಿ, ಮುಂದಿನ ಹಬ್ಬಕ್ಕೆ ಸರಿಹೋಗುತ್ತಿತ್ತು. ಆದರೆ ಅಜ್ಜಪ್ಪ ಗಿರಣಿಗೆ ಬಂದವರ ಮುಂದೆಲ್ಲ, “ನಮ್ಮ ಹಾನಗಲ್ಲ ರುದ್ರೇಶನ ನನ್ನ ಎತ್ತು ಹೊಡದಾನ” ಎಂದು ಹೇಳಿದ್ದ. ಗಿರಣಿಯಿಂದ ಹೊರಟ ಮಾತು ಹಿಟ್ಟಿನಂತೆ; ಮುಟ್ಟಿದವರಿಗೆಲ್ಲ ಮೆತ್ತಿಕೊಳ್ಳುತ್ತದೆ. ಅದು ಹಿರೇಕೆರೂರು ಬಿಟ್ಟಾಗ ‘ಮೊಬೈಲಿನ ಎತ್ತು’ ಎಂದೇ ಇತ್ತು. ಶಿಗ್ಗಾವಿ ತಲುಪುವಷ್ಟರಲ್ಲಿ ಮೊಬೈಲು ದಾರಿಯಲ್ಲೆಲ್ಲೋ ಉದುರಿಹೋಗಿ, ಎತ್ತು ಮತ್ತು ಕಳುವು ಇವೆರಡೇ ಉಳಿದಿದ್ದವು. ಶಿಗ್ಗಾವಿಯಲ್ಲಿ ಅದು ಹೋಗಿ ಮುಟ್ಟಿದ್ದು ಹತ್ತಿ ವ್ಯಾಪಾರದ ಗುರುಶಾಂತಪ್ಪನವರ ಕಿವಿಗೆ. ಅವರ ಮಗನಿಗೂ ರುದ್ರೇಶನ ಮಗಳು ಪೂಜಾಳಿಗೂ ಮುಂದಿನ ವಾರ ನಿಶ್ಚಯ ಆಗಬೇಕಿತ್ತು.

ಗುರುಶಾಂತಪ್ಪನವರು ಹಾನಗಲ್ಲಿಗೆ ಫೋನು ಮಾಡಿ ನಯವಾಗಿಯೇ ಹೇಳಿದರು. “ನಾವು ಏನೂ ಅನ್ನೂದಿಲ್ರಿ. ಆದ್ರ ಅಕ್ಕನ ಗಂಡನ ಎತ್ತ ಹೊಡಕೊಂಡು ಹೋದ್ರು ಅಂತ ಸುದ್ದಿ ಐತಿ. ಅದೊಂದು ಇತ್ಯರ್ಥ ಆಗ್ಲಿ. ಆಮ್ಯಾಲ ನಿಶ್ಚಯದ ಮಾತು.”

ಈ ಸುದ್ದಿ ತಮ್ಮನ ಬಾಯಿಂದ ಕೇಳಿದ ಶಾರವ್ವ ನೆಟ್ಟಗೆ ಗಿರಣಿಗೆ ಬಂದು ಮೋಟರ್ ಬಂದ್ ಮಾಡಿದಳು.

“ಪೂಜಾನ ನಿಶ್ಚಯ ನಿಂತೇತಿ.”

“ಯಾಕ?”

“ಯಾಕ ಅಂತ ನನ್ನ ಕೇಳ್ತೀರಿ? ನಿಮ್ಮ ಬಾಯಿ ಕೇಳ್ರಿ. ಆ ಹುಡುಗಿ ಮುಂಜಾನಿಂದ ಊಟಾ ಮಾಡಿಲ್ಲ. ನೋಡ್ರಿ, ಈ ನಿಶ್ಚಯ ಆಗಲಿಲ್ಲ ಅಂದ್ರ ನಾ ಹಾನಗಲ್ಲಿಗೆ ಹೊಕ್ಕೇನಿ. ನೀವು ಈ ಬೀಸೂ ಕಲ್ಲಿನ ಕೂಡ ಸಂಸಾರ ಮಾಡ್ರಿ.”

ಅಜ್ಜಪ್ಪ ಕಲ್ಲನ್ನೊಮ್ಮೆ ನೋಡಿದ. ಎತ್ತು ಹೋದದ್ದಕ್ಕೆ ಅವನು ಹಣೆ ಬಡಿದುಕೊಂಡಿದ್ದ. ಈಗ ಹಣೆಯ ತನಕ ಕೈ ಏಳಲಿಲ್ಲ. ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದ ಸಿರಾಜುದ್ದೀನ ಸಾಹೇಬರು ಕೆಮ್ಮಿ ಬೇರೆ ಕಡೆ ಮುಖ ಮಾಡಿದರು.

ಆ ಹೊತ್ತಿಗೆ ಸರಿಯಾಗಿ ಅಬಲೂರಿನ ವೀರವ್ವ ಹಿಟ್ಟಿನ ಪುಟ್ಟಿ ಹೊತ್ತು ಒಳಗೆ ಬಂದು, ಅದನ್ನು ಅಜ್ಜಪ್ಪನ ಮುಂದೆ ಕುಕ್ಕಿದಳು. “ಹಿಟ್ಟು ಸರಿ ಇಲ್ಲಪಾ.”

ಹೆಂಡತಿಯ ಮೇಲೆ ತೋರಿಸಲಾಗದ ಸಿಟ್ಟೆಲ್ಲ ವೀರವ್ವನ ಮೇಲೆ ತಿರುಗಿತು. “ಸರಿ ಇಲ್ಲ ಅಂದ್ರ ಏನ ಬೇ? ತರಿ ಆಗೇತೋ, ಸುಟ್ಟೇತೋ? ಜ್ವಾಳಾ ಹಸಿ ಇತ್ತೋ, ಒಣಗಿತ್ತೋ? ಯಾವತ್ತ ಬೀಸಿದ್ದು, ಎಷ್ಟೊತ್ತಿಗೆ? ರೊಟ್ಟಿ ಬಡಿಯೂ ಮುಂದ ಹರೀತೋ, ಹಂಚಿನ ಮ್ಯಾಲ ಹಾಕೂ ಮುಂದ ಹರೀತೋ? ಇದ್ಯಾವುದೂ ಹೇಳದ ಸರಿ ಇಲ್ಲ ಅಂದ್ರ ನಾ ಏನ್ ಸರಿ ಮಾಡ್ಲಿ? ನನ್ನ ಮೈಮ್ಯಾಲ ದೇವ್ರು ಬಂದು ಹೇಳ್ತಾನೇನು?”

ಸಾಹೇಬರು ಚಹಾದ ಕಪ್ಪು ಕೆಳಗಿಟ್ಟರು. “ಅಜ್ಜಪ್ಪನವರ, ಆ ಕಂಪನಿ ಹೆಣ್ಮಗಳು ನಿಮ್ಮನ್ನ ಇದನ್ನ ಕೇಳಿದ್ಲಲ್ರಿ?”

ಅಜ್ಜಪ್ಪ ಪುಟ್ಟಿಗೆ ಕೈ ಹಾಕಿ ಹಿಟ್ಟು ತಿಕ್ಕಿ ನೋಡತೊಡಗಿದ.

ವೀರವ್ವನಿಗೆ ಇದಾವುದೂ ಬೇಕಾಗಿರಲಿಲ್ಲ. ಅವಳು ಕೇಳಿದ್ದಕ್ಕೆಲ್ಲ ಉತ್ತರ ತಂದಿದ್ದಳು. “ಹೇಳ್ತೇನಿ ಕೇಳು. ಸಂತಿ ದಿನ ಬೀಸಿದ್ದು. ಹತ್ತರ ಬಸ್ಸಿಗೆ ಇಳದು ನೆಟ್ಟಗ ಇಲ್ಲಿಗೇ ಬಂದೆ, ಪಾಳಿ ಬರೂದ್ರಾಗ ಹನ್ನೊಂದಾತು. ಅರ್ಧ ಹಿಟ್ಟು ಬೆಣ್ಣಿಯಂಗ ಐತಿ, ಅರ್ಧ ತರಿ. ಯಾಕಂದ್ರ ಅರ್ಧಕ್ಕ ನೀ ಕಲ್ಲಿನ ಮ್ಯಾಲಿಂದ ಕೈ ತಗದಿ. ಮೊಬೈಲಿನ ಮ್ಯಾಲ ಬೆರಳ ಇಟ್ಟು, ಎತ್ತು ಹಳೇ ಕೊಟ್ಟಿಗಿಂದ ಬಿಚ್ಚಿ ಬಾವಿ ಕಡೆ ಒಯ್ಯಾಕತ್ತೇನಿ, ಒಂದ ನಿಮಿಷ ತಡಿ ಬೇ ಅಂದಿ. ಕಣ್ಣ ಮುಚ್ಚಿ ತಗಿಯೂದ್ರಾಗ ಚೀರಿದಿ. ನಾ ಇಲ್ಲೇ ನಿಂತಿದ್ದೆ.”

ಸಾಹೇಬರ ಕೈ ತಾನಾಗಿ ಜೇಬಿಗೆ ಹೋಗಿ ಪೆನ್ನು ತೆಗೆಯಿತು. “ವೀರವ್ವನವರ, ಕುಂದರ್ರಿ. ಮೊದಲಿಂದ ಹೇಳ್ರಿ.”

ಆ ಮಧ್ಯಾಹ್ನವೇ ಸಾಹೇಬರು ಅಜ್ಜಪ್ಪನನ್ನು ಕರೆದುಕೊಂಡು ಹಾನಗಲ್ಲಿನ ಬಸ್ಸು ಹತ್ತಿದರು. ಶಾರವ್ವ ತಾನೂ ಬರುತ್ತೇನೆಂದು ಹೊರಟು, ಗಂಡನಿಂದ ಮೂರು ಸೀಟು ದೂರ ಕುಳಿತಳು. ದಾರಿಯುದ್ದಕ್ಕೂ ಸಾಹೇಬರು ತಮ್ಮ ಅನುಭವ ಹೇಳಿದರು: ದೂರು ಕೊಟ್ಟವನನ್ನು ಮೊದಲು ಅನುಮಾನಿಸಬೇಕು, ಸಾಕ್ಷಿಯನ್ನು ಎರಡನೆಯದಾಗಿ, ಕಳ್ಳನನ್ನು ಎಲ್ಲಕ್ಕಿಂತ ಕೊನೆಗೆ. ತಾನು ಮೊದಲನೆಯ ಸ್ಥಾನದಲ್ಲಿದ್ದೇನೆಂದು ತಿಳಿದ ಅಜ್ಜಪ್ಪ ಕಿಟಕಿಯ ಕಡೆ ಸರಿದು ಕುಳಿತ.

ರುದ್ರೇಶ ಅಂಗಡಿಯಲ್ಲಿ ಮೋಟರ್ ಬಿಚ್ಚಿಕೊಂಡು ಕುಳಿತಿದ್ದ. ಅಕ್ಕನನ್ನು ನೋಡಿ ಎದ್ದ, ಅವಳ ಹಿಂದೆ ಭಾವನನ್ನು ನೋಡಿ ಮತ್ತೆ ಕುಳಿತ.

“ಬಂದೀರಿ? ಬರ್ರಿ. ಎತ್ತು ಈ ಮೋಟರಿನ್ಯಾಗ ಐತೇನು ನೋಡ್ರಿ. ಇಲ್ಲಾಂದ್ರ ಆ ಪೈಪಿನ್ಯಾಗ ನೋಡ್ರಿ.”

“ನೀ ಮಾತ ತಿರುಗಿಸಬ್ಯಾಡ. ಹನ್ನೊಂದು ಹತ್ತಕ್ಕ ನನ್ನ ಹೊಲಕ್ಕ ಯಾಕ ಬಂದಿದ್ದಿ?” ಎಂದ ಅಜ್ಜಪ್ಪ.

“ಸುಮ್ಕಿರ್ರಿ ಅಜ್ಜಪ್ಪನವರ, ಪ್ರಶ್ನೆ ಕೇಳೂದು ನಂದು” ಎಂದು ಸಾಹೇಬರು ಕುರ್ಚಿ ಎಳೆದುಕೊಂಡರು. “ರುದ್ರೇಶಪ್ಪ, ಹನ್ನೊಂದು ಹತ್ತಕ್ಕ ಇವರ ಹೊಲಕ್ಕ ಯಾಕ ಬಂದಿದ್ರಿ?”

ರುದ್ರೇಶ ಅಕ್ಕನ ಮುಖ ನೋಡಿದ. ಶಾರವ್ವ ತಲೆ ಆಡಿಸಿದಳು.

“ಮೇವು ಹಾಕಾಕ್ರಿ. ಮೂರು ತಿಂಗಳಾತು, ದಿನಾ ಹನ್ನೊಂದು ಹತ್ತಕ್ಕ ಹಾಕ್ತೇನಿ. ಅಕ್ಕ ಹೇಳಿದ್ಲು.”

“ನೀ ಹೇಳಿದಿ?” ಅಜ್ಜಪ್ಪ ಹೆಂಡತಿಯ ಕಡೆ ತಿರುಗಿದ.

“ಹೌದ್ರಿ ಹೇಳಿದೆ. ಹನ್ನೊಂದಕ್ಕ ಆ ಎತ್ತಿಗೆ ಹಸಿವು ಆಗ್ತೇತಿ, ನೀವು ಬೀಸೂದು ಬಿಟ್ಟು ಅದರ ಮುಂದ ಕುಂದ್ರತೀರಿ, ಮಂದಿ ಹಿಟ್ಟು ಕೆಡತೇತಿ. ಅದಕ್ಕ ಇವಗ, ಯಪ್ಪಾ, ನಿಮ್ಮ ಮಾಮಾನ ಎತ್ತಿಗೆ ನೀನ ಒಂದಿಷ್ಟು ಮೇವು ಹಾಕು ಅಂತ ಹೇಳಿದ್ದೆ. ನಿಮಗ ಹೇಳಿದ್ರ ಅದಕ್ಕೂ ಅನುಮಾನ ಪಡ್ತಿದ್ರಿ. ನಿಮ್ಮ ಸರದಾರ ಮೈ ತುಂಬಿಕೊಂಡಿದ್ದು ಯಾರ ಮೇವಿನಿಂದ ಅಂತ ತಿಳದೀರಿ?”

ಮಹಾರೈತ ಅಜ್ಜಪ್ಪ ಒಂದು ಹಳೆಯ ಪಂಪಿನ ಮೇಲೆ ಮೆಲ್ಲಗೆ ಕುಳಿತುಕೊಂಡ.

“ಸಂತಿ ದಿನ ಏನಾತು? ಒಂದೂ ಬಿಡದ ಹೇಳ್ರಿ” ಎಂದರು ಸಾಹೇಬರು.

“ಎದುರಿಗಿನ ಹಯಾತನ ಅಂಗಡ್ಯಾಗ ಚಹಾ ಹೇಳಿದೆ. ಹಳೇ ಕೊಟ್ಟಿಗ್ಯಾಗ ಎತ್ತು ನಿಂತಿತ್ತು. ಮೇವು ಅಂತ ಒತ್ತಿದೆ. ಪರದಿ ಮ್ಯಾಲ ಚಕ್ರ ತಿರುಗಿತು, ತಿರುಗಿತು. ಆಮ್ಯಾಲ ನೋಡ್ತೇನಿ, ಮೇವು ಬಿದ್ದೇತಿ, ಎತ್ತಿಲ್ಲ. ಮಾಮಾ ಬಿಚ್ಚಿಕೊಂಡು ಹೋಗಿರಬೇಕು ಅಂತ ಸುಮ್ಮನಾದೆ.”

ಸಾಹೇಬರು ಬರೆಯುವುದನ್ನು ನಿಲ್ಲಿಸಿ ಇಬ್ಬರನ್ನೂ ನೋಡಿದರು. “ಇವರು ಹಿರೇಕೆರೂರಾಗ ಕುಂತು ಹಗ್ಗ ಬಿಚ್ಚಾಕತ್ತಾರ. ಅದ ನಿಮಿಷ ನೀವು ಹಾನಗಲ್ಲಾಗ ಕುಂತು ಮೇವು ಹಾಕಾಕತ್ತೀರಿ. ಎತ್ತು ಯಾರ ಮಾತ ಕೇಳಬೇಕು?”

ಸಾಹೇಬರು ಹಯಾತನ ಅಂಗಡಿಯ ಮೇಜನ್ನು ಒರೆಸಿಸಿ, ನಾಲ್ಕು ಹಾಳೆ ಹರಡಿ, ಮೂವತ್ತನಾಲ್ಕು ವರ್ಷದ ನೌಕರಿಯ ತಿರುಳನ್ನೆಲ್ಲ ಕೈಗೆ ತಂದುಕೊಂಡು ಬರೆದರು:

“ಪಂಚನಾಮೆ. ಈ ಕೆಳಗೆ ಸಹಿ ಮಾಡುವ ಪಂಚರ ಸಮಕ್ಷಮ ಬರೆದದ್ದೇನೆಂದರೆ, ಹಿರೇಕೆರೂರಿನ ಅಜ್ಜಪ್ಪ, ವಯಸ್ಸು ಐವತ್ತೊಂದು, ಉದ್ಯೋಗ ಹಿಟ್ಟಿನ ಗಿರಣಿ, ಇವರ ಮೊಬೈಲಿನ ಒಳಗಡೆ ವಾಸವಿದ್ದ ಸರದಾರ ಎಂಬ ಬಿಳಿ ಎತ್ತು, ಎಡಗೊಂಬು ಬಾಗಿದ್ದು, ಸಂತೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಕಾಣೆಯಾಗಿರುತ್ತದೆ. ಸದರಿ ಮೊಬೈಲು ನಾಲ್ಕು ವರ್ಷ ಹಳೆಯದು, ಗಾಜು ಬಲಮೂಲೆಯಲ್ಲಿ ಒಡೆದಿದೆ. ಸದರಿ ಆಟದ ವರ್ಷನ್ ನಾಲ್ಕು ಚುಕ್ಕೆ ಎರಡು ಚುಕ್ಕೆ ಒಂದು ಇರುತ್ತದೆ. ಅಜ್ಜಪ್ಪ ಇವರು ಎತ್ತನ್ನು ಹಳೆಯ ಕೊಟ್ಟಿಗೆಯಿಂದ ಬಿಚ್ಚಿ ಬಾವಿಯ ಹತ್ತಿರದ ಹೊಸ ಕೊಟ್ಟಿಗೆಗೆ ಒಯ್ಯುತ್ತಿರಲಾಗಿ, ಅದೇ ನಿಮಿಷಕ್ಕೆ ಹಾನಗಲ್ಲಿನಿಂದ ರುದ್ರೇಶ ಇವರು ಮೇವು ಹಾಕಿರುತ್ತಾರೆ. ಮೇವು ಹಳೆಯ ಕೊಟ್ಟಿಗೆಯಲ್ಲಿ ಬಿದ್ದಿದೆ. ಎತ್ತು ಹಳೆಯದರಲ್ಲೂ ಇಲ್ಲ, ಹೊಸದರಲ್ಲೂ ಇಲ್ಲ. ರುದ್ರೇಶ ಇವರ ಹೊಲದಲ್ಲಿ ಸದರಿ ಎತ್ತು ಕಂಡುಬಂದಿಲ್ಲ. ಹೊಲಕ್ಕೆ ಬೀಗ ಇದ್ದುದರಿಂದ ಬೇಲಿಯ ಹೊರಗಿನಿಂದ ನೋಡಲಾಯಿತು.”

ಹಾಳೆಗಳ ಕೊನೆಗೆ ಎರಡೂ ಕೊಟ್ಟಿಗೆಗಳ ನಕ್ಷೆ, ದಿಕ್ಕು ಸಮೇತ. ಪಂಚರಾಗಿ ಹಾನಗಲ್ಲಿನಲ್ಲಿ ಹಯಾತ, ಸಂಜೆ ಹಿರೇಕೆರೂರಿಗೆ ಬಂದ ಮೇಲೆ ವೀರವ್ವ ಸಹಿ ಹಾಕಿದರು. ಹೊಸ ಹಿಟ್ಟು ಬೀಸಿಕೊಟ್ಟ ನಂತರವೇ ವೀರವ್ವ ಪೆನ್ನು ಮುಟ್ಟಿದ್ದು. ಎಲ್ಲ ಹಾಳೆಗಳ ಫೋಟೋ ತೆಗೆಸಿ, ಈ ಸಲ ‘ಆಟದ ದೋಷ’ ಎಂಬ ಗುಂಡಿ ಒತ್ತಿ ಕಳಿಸಿದರು. ಕಳಿಸುವಾಗ ಸಾಹೇಬರು, “ಆ ಶೀಲಾ ಅನ್ನಾಕಿ ಮ್ಯಾಲೂ ನನಗ ಸ್ವಲ್ಪ ಅನುಮಾನ ಐತಿ, ಆದ್ರ ಅದನ್ನ ಬರದಿಲ್ಲ” ಎಂದರು.

ಎರಡನೆಯ ದಿನ ಉತ್ತರ ಬಂತು. ಅಜ್ಜಪ್ಪ ಓದಲು ಹೆದರಿ ಸಾಹೇಬರ ಕೈಗೆ ಕೊಟ್ಟ.

“ಮಾನ್ಯ ಸಿರಾಜುದ್ದೀನ ಸಾಹೇಬರಿಗೆ ನಮಸ್ಕಾರಗಳು. ಎರಡು ತಿಂಗಳಲ್ಲಿ ಸಾವಿರದ ಮುನ್ನೂರಕ್ಕೂ ಹೆಚ್ಚು ಜನ ‘ನನ್ನ ದನ ಹೋಯಿತು’ ಎಂದಷ್ಟೇ ಬರೆದಿದ್ದಾರೆ. ಹೇಗೆ ಹೋಯಿತೆಂದು ಯಾರೂ ಬರೆಯಲಿಲ್ಲ. ನಮ್ಮ ತಾಂತ್ರಿಕರು ಎಷ್ಟು ಪ್ರಯತ್ನಿಸಿದರೂ ಇಲ್ಲಿ ಒಂದು ಕರುವೂ ಕಾಣೆಯಾಗಲಿಲ್ಲ. ನಿಮ್ಮ ಪಂಚನಾಮೆಯನ್ನು ಮುಂದಿಟ್ಟುಕೊಂಡು ಇಬ್ಬರು ಎರಡು ಫೋನು ಹಿಡಿದು ಕುಳಿತೆವು. ಒಬ್ಬರು ಬಿಚ್ಚಿದರು, ಅದೇ ಕ್ಷಣ ಇನ್ನೊಬ್ಬರು ಮೇವು ಹಾಕಿದರು. ಮೂರನೆಯ ಸಲಕ್ಕೆ ಎತ್ತು ಮಾಯವಾಯಿತು. ಎಲ್ಲರೂ ಎದ್ದು ಚಪ್ಪಾಳೆ ಹೊಡೆದೆವು, ಅದಕ್ಕೆ ಕ್ಷಮೆಯಿರಲಿ. ತಪ್ಪು ನಮ್ಮದು, ರುದ್ರೇಶ ಅವರದಲ್ಲ. ಅವರ ಹೊಲದ ಬೀಗ ತೆಗೆದಿದ್ದೇವೆ. ಸರದಾರ ಹೊಸ ಕೊಟ್ಟಿಗೆಯಲ್ಲಿದ್ದಾನೆ. ಪಂಚನಾಮೆಯ ನಾಲ್ಕೂ ಪುಟಗಳನ್ನು ಇಡೀ ವಿಭಾಗದವರು ಓದಿದ್ದೇವೆ. ಇಂತಿ, ಶೀಲಾ.”

ಸಾಹೇಬರು ಕನ್ನಡಕ ತೆಗೆದರು. “ನಾಲ್ಕೂ ಪುಟ ಓದ್ಯಾರಂತ ಅಜ್ಜಪ್ಪನವರ. ನನ್ನ ಸರ್ವಿಸ್‌ನ್ಯಾಗ ಕಡೀ ಪುಟ ಯಾರೂ ಓದಿರಲಿಲ್ರಿ. ಸಹಿ ಎಲ್ಲಿ ಅಂತ ಕೇಳ್ತಿದ್ರು ಅಷ್ಟ.” ಅವರು ಉತ್ತರವನ್ನು ಇನ್ನೊಮ್ಮೆ ಮೊದಲಿನಿಂದ ಓದಿದರು, ಈ ಸಲ ಗಟ್ಟಿಯಾಗಿ, ಬೀಸಲು ಬಂದವರಿಗೆಲ್ಲ ಕೇಳುವಂತೆ.

ಉಳಿದದ್ದು ಶಿಗ್ಗಾವಿ. ಪಂಚನಾಮೆ, ಉತ್ತರ, ಎತ್ತು, ಮೂರನ್ನೂ ತೆಗೆದುಕೊಂಡು ಅಜ್ಜಪ್ಪ, ಶಾರವ್ವ, ಸಾಹೇಬರು ಮರುದಿನ ಗುರುಶಾಂತಪ್ಪನವರ ಮನೆಗೆ ಹೋದರು. ರುದ್ರೇಶ ಹಾನಗಲ್ಲಿನಿಂದ ನೇರವಾಗಿ ಬಂದು, ಅಕ್ಕನ ಪಕ್ಕದಲ್ಲಿ, ಭಾವನಿಗೆ ಬೆನ್ನು ಕಾಣುವಂತೆ ಕುಳಿತ. ಉಂಡಿ, ಚೂಡಾ ತುಂಬಿದ ತಾಟುಗಳು ಬಂದವು. ಯಾರೂ ಮುಟ್ಟಲಿಲ್ಲ. ಸಾಹೇಬರು ಎದ್ದು ನಿಂತು ನಾಲ್ಕೂ ಪುಟ ಓದಿದರು.

ಗುರುಶಾಂತಪ್ಪನವರು ಹತ್ತಿಯ ವ್ಯಾಪಾರಿ. ಹತ್ತಿ ತುಂಬಿದ ಅಂಡಿಗೆಯ ಒಳಗೆ ಕೈ ಹಾಕಿ ನೋಡದೆ ಯಾವುದನ್ನೂ ಒಪ್ಪುವವರಲ್ಲ. “ಅದೆಲ್ಲಾ ಖರೇರಿ. ಎತ್ತು ತೋರಿಸ್ರಿ” ಎಂದರು.

ಅಜ್ಜಪ್ಪ ಮೊಬೈಲು ಕೊಟ್ಟ. ಗುರುಶಾಂತಪ್ಪನವರು ಅದನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

“ಇಷ್ಟ ಐತಿ?”

“ಇಷ್ಟ ಐತ್ರಿ.”

“ಇದಕ್ಕ ನಾ ನಿಶ್ಚಯ ನಿಲ್ಲಿಸೀನಿ?” ಅವರಿಗೆ ನಾಚಿಕೆಯಾಯಿತು. ನಾಚಿಕೆಯನ್ನು ಮುಚ್ಚಲು ದನಿ ಏರಿಸಿದರು. “ಹಂಗಾದ್ರ ಕಳ್ಳ ಅಂದವ್ರ ಯಾರ್ರಿ?”

ಇಡೀ ಪಡಸಾಲೆ ಅಜ್ಜಪ್ಪನ ಕಡೆ ತಿರುಗಿತು. ಅಜ್ಜಪ್ಪ ಎದ್ದು ನಿಂತ.

“ನಾನ್ರಿ. ತಪ್ಪಾತು.”

ರುದ್ರೇಶ ಬೆನ್ನು ತಿರುಗಿಸದೆಯೇ ಕೇಳಿದ, “ಏನು ತಪ್ಪಾತ್ರಿ ಮಾಮಾ?”

“ಎಲ್ಲಾ ತಪ್ಪಾತು.”

“ಎಲ್ಲಾ ಅಂದ್ರ ಯಾವ್ದು? ಮಂದಿ ಮುಂದ ಅನ್ನೂ ಮುಂದ ಹೆಸರು ಹಿಡದು ಅಂದೀರಿ. ಈಗ ಎಲ್ಲಾ ಅಂದ್ರ ನಾ ಏನ್ ತಿಳ್ಕೊಳ್ಳಿ?”

ಅಜ್ಜಪ್ಪ ಹೆಂಡತಿಯನ್ನು ನೋಡಿದ. ಶಾರವ್ವ ಸೀಲಿಂಗ್ ನೋಡುತ್ತಿದ್ದಳು. ಬೇರೆ ದಾರಿಯಿರಲಿಲ್ಲ.

“ಏನಾತು ಅಂತ ನಿನ್ನ ಒಂದ ಮಾತ ಕೇಳದ ನಿನ್ನ ಹೆಸರು ಬರದ ಕಳಿಸಿದೆ. ನಿನ್ನ ಹೊಲಕ್ಕ ಬೀಗ ಬೀಳಿಸಿದೆ. ನೀ ಫೋನ್ ಮಾಡಿದಾಗ ಕಳ್ಳಗ ಗೊತ್ತಿರ್ತೇತಿ ಅಂದೆ. ಗಿರಣಿಗೆ ಬಂದ ಏಳೆಂಟ ಮಂದಿ ಮುಂದ ಹೇಳಿದೆ.”

“ಏಳೆಂಟ?” ಎಂದರು ಸಾಹೇಬರು.

“ಮೂವತ್ತು ಮಂದಿ. ಪೂಜಾ ನನ್ನಿಂದ ಊಟಾ ಬಿಟ್ಲು. ಮತ್ತ…” ಅಜ್ಜಪ್ಪ ತನ್ನ ಕಾಲುಗಳನ್ನೊಮ್ಮೆ ನೋಡಿಕೊಂಡ. “ನಿನ್ನ ಲಗ್ನದಾಗ ನನ್ನ ಹೊಸ ಚಪ್ಪಲಿ ಹೋದ್ವು ನೋಡು, ಆವಾಗೂ ನಿನ್ನ ಮ್ಯಾಲ ಅನುಮಾನ ಪಟ್ಟಿದ್ದೆ.”

ರುದ್ರೇಶ ಈಗ ತಿರುಗಿದ. “ನನ್ನ ಲಗ್ನದಾಗ? ನಾ ಬಾಸಿಂಗ ಕಟ್ಟಿಕೊಂಡು ಮಂಟಪದಾಗ ಕುಂತಿದ್ನಲ್ರಿ ಮಾಮಾ!”

“ಅದಕ್ಕ ಅನುಮಾನ ಬಂತಪಾ. ಇವನ ಮ್ಯಾಲ ಯಾರಿಗೂ ಬರೂದಿಲ್ಲ ಅಂತ ಹಂಗ ಕುಂತಾನ ಅನಿಸಿತು.”

ಗುರುಶಾಂತಪ್ಪನವರು ಮೊದಲು ನಕ್ಕರು. ಆಮೇಲೆ ಶಾರವ್ವ ಬಾಯಿಗೆ ಸೆರಗು ಹಿಡಿದಳು. ರುದ್ರೇಶ ಸಿಟ್ಟನ್ನು ಹಿಡಿದಿಟ್ಟುಕೊಳ್ಳಲು ಬಹಳ ಪ್ರಯತ್ನಪಟ್ಟ; ಮುಖವೆಲ್ಲ ಕೆಂಪಾಗಿ, ಕಡೆಗೆ ಅವನ ಕೈಯಿಂದಲೂ ಅದು ಜಾರಿತು. ನಕ್ಕು ನಕ್ಕು ಕಣ್ಣು ಒರೆಸಿಕೊಂಡು, “ಇದನ್ನ ಹೇಳಲಾರದ ಇದ್ರೂ ನಡೀತಿತ್ತಲ್ರಿ ಮಾಮಾ” ಎಂದ.

“ನೀನ ಎಲ್ಲಾ ಹೇಳು ಅಂದಿ.”

“ಹೇಳಿದ್ದು ಚಲೋ ಆತು ಬಿಡ್ರಿ.” ರುದ್ರೇಶ ಎದ್ದು ಬಂದು ಭಾವನ ಎದುರಿಗೆ ಕುಳಿತ. “ಬೀಗರು ಒಪ್ಪಿದ್ರ ಬರೂ ಸೋಮವಾರ ನಿಶ್ಚಯ. ಎಲಿ-ಅಡಕಿ ತಾಟು ನೀವ ಹಿಡೀಬೇಕು. ನಮ್ಮ ಕಡೆ ಹಿರ್‍ಯಾರು ಅಂದ್ರ ನೀವ.”

“ಒಪ್ಪೀವ್ರಿ, ಒಪ್ಪೀವಿ” ಎಂದ ಗುರುಶಾಂತಪ್ಪನವರು ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ.

ಅಜ್ಜಪ್ಪ ಎದುರಿನ ತಾಟಿನಿಂದ ಒಂದು ಉಂಡಿ ತೆಗೆದು, ಮುರಿದು, ದೊಡ್ಡ ಅರ್ಧವನ್ನು ರುದ್ರೇಶನ ಕೈಗಿಟ್ಟ.